ಸುಂಕದ ಕಟ್ಟೆಯಿಂದ ನೋಡಿದರೆ: ಕನ್ಸೋಲ್ ಗೇಮಿಂಗ್‌ನ ವಾರದ ಸುದ್ದಿ

(ಒಂದು ಸಭೆಯಲ್ಲಿ ಆಡಿದ ಮಾತಿನ ಬರಹರೂಪ.)

ಎಲ್ಲರಿಗೂ ನಮಸ್ಕಾರ.

ಕನ್ಸೋಲ್ ಎಂದರೆ ಹೆಚ್ಚಾಗಿ ಟಿವಿಗೆ ಜೋಡಿಸಿ ಆಡುವ ಗೇಮ್ ಯಂತ್ರ. ಈ ಕನ್ಸೋಲ್ ಗೇಮಿಂಗ್ ಲೋಕದ ಯಾವುದೇ ಒಂದು ವಾರದ ಸುದ್ದಿಯನ್ನು ಒಟ್ಟುಗೂಡಿಸಿ ನೋಡಿ. ವರ್ಷಗಟ್ಟಲೆ ಕಾಯಿಸಿದ ಗೇಮ್ ಮತ್ತೆ ಆರು ತಿಂಗಳು ಮುಂದಕ್ಕೆ ಹೋಗಿರುತ್ತದೆ. ಒಳ್ಳೆಯ ಹೆಸರು ಮಾಡಿದ್ದ ಸ್ಟುಡಿಯೊ ಒಂದಕ್ಕೆ ಬೀಗ ಬಿದ್ದಿರುತ್ತದೆ. ಒಂದು ಕಂಪನಿ ಯಂತ್ರದ ಬೆಲೆ ಏರಿಸಿದರೆ ಇನ್ನೊಂದು ಚಂದಾ ಯೋಜನೆಯ ಹೆಸರು ಬದಲಿಸಿ, ಅದೇ ಗದ್ದಲದಲ್ಲಿ ದರವನ್ನೂ ಏರಿಸಿರುತ್ತದೆ. ಇಷ್ಟು ದಿನ ಒಂದೇ ಯಂತ್ರದಲ್ಲಿ ಸಿಗುತ್ತಿದ್ದ ಆಟ ಎದುರಾಳಿಯ ಯಂತ್ರಕ್ಕೂ ಬರಲಿದೆ ಎಂಬ ಗಾಳಿಸುದ್ದಿ ಎದ್ದು, ಎರಡೂ ಕಡೆಯ ಅಭಿಮಾನಿಗಳು ಸೇರಿ ಕೋಲಾಹಲ ಎಬ್ಬಿಸಿರುತ್ತಾರೆ. ಬಿಡಿಬಿಡಿಯಾಗಿ ಓದಿದರೆ ಇದು ಹುಚ್ಚರ ಸಂತೆ.

ಈ ಸಂತೆಗೆ ಒಂದು ಲೆಕ್ಕವಿದೆ ಎನ್ನುವುದು ಇವತ್ತಿನ ನನ್ನ ವಾದ. ಕನ್ಸೋಲ್ ತಯಾರಕರು ಮುಖ್ಯವಾಗಿ ಯಂತ್ರ ಮಾರಿ ಬದುಕುವವರಲ್ಲ. ಯಂತ್ರದೊಳಗೆ ನಡೆಯುವ ಪ್ರತಿಯೊಂದು ವ್ಯಾಪಾರದ ಮೇಲೆ ಸುಂಕ ಎತ್ತಿ ಬದುಕುವವರು. ಟಿವಿಯ ಪಕ್ಕದಲ್ಲಿ ಕುಳಿತಿರುವ ಆ ಪೆಟ್ಟಿಗೆ ಒಂದು ಸುಂಕದ ಕಟ್ಟೆ. ಅದನ್ನು ದಾಟದೆ ಯಾವ ಆಟವೂ ನಿಮ್ಮ ಕೈಗೆ ಬರುವುದಿಲ್ಲ, ನಿಮ್ಮ ಹಣವೂ ಆಟ ಮಾಡಿದವರ ಕೈಗೆ ಹೋಗುವುದಿಲ್ಲ. ಬೆಲೆ, ವಿಳಂಬ, ಸ್ವಾಧೀನ, ಕೆಲಸ ಕಡಿತ, ಅಂಗಡಿ ಮುಚ್ಚುವುದು, ಇವೆಲ್ಲ ಬೇರೆ ಬೇರೆ ಸುದ್ದಿಗಳಂತೆ ಕಂಡರೂ ಬಹುಪಾಲು ಈ ಕಟ್ಟೆಯ ಆದಾಯ ಏರಿಳಿದಾಗ ಆಗುವ ಸದ್ದುಗಳು.

ಮೊದಲು ಲೆಕ್ಕವನ್ನೇ ನೋಡೋಣ. 2021ರ ಮೇ ತಿಂಗಳಲ್ಲಿ ಎಪಿಕ್ ಗೇಮ್ಸ್ ಮತ್ತು ಆಪಲ್ ನಡುವಿನ ಮೊಕದ್ದಮೆ ಕ್ಯಾಲಿಫೋರ್ನಿಯಾದ ನ್ಯಾಯಾಲಯದಲ್ಲಿ ನಡೆಯುತ್ತಿತ್ತು. ಅದು ಮೊಬೈಲ್ ಆ್ಯಪ್ ಅಂಗಡಿಯ ಜಗಳ. ಕನ್ಸೋಲ್‌ಗೂ ಅದಕ್ಕೂ ನೇರ ಸಂಬಂಧವಿರಲಿಲ್ಲ. ಆದರೆ ಸಾಕ್ಷಿಯಾಗಿ ಬಂದ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ವಿಭಾಗದ ಉಪಾಧ್ಯಕ್ಷೆ ಲೋರಿ ರೈಟ್ ಅವರನ್ನು ವಕೀಲರು ಯಂತ್ರದ ಮೇಲಿನ ಲಾಭದ ಬಗ್ಗೆ ಕೇಳಿದರು. ಕನ್ಸೋಲ್‌ಗಳನ್ನು ನಷ್ಟಕ್ಕೇ ಮಾರುತ್ತೇವೆ, ಮೈಕ್ರೋಸಾಫ್ಟ್ ಇದುವರೆಗೆ ಯಂತ್ರದ ಮಾರಾಟದಿಂದ ಲಾಭ ಕಂಡಿಲ್ಲ ಎಂದು ಅವರು ಹೇಳಿದರು. ಮರುವರ್ಷ ಎಕ್ಸ್‌ಬಾಕ್ಸ್ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್ ಇನ್ನೂ ಬಿಡಿಸಿ ಹೇಳಿದರು: ಒಂದು ಯಂತ್ರದ ಮೇಲೆ ಕಂಪನಿ 100ರಿಂದ 200 ಡಾಲರ್ ಕೈಯಿಂದ ಹಾಕುತ್ತದೆ.

ಹಾಗಾದರೆ ಆ ಹಣ ಹೇಗೆ ಮರಳುತ್ತದೆ? ಡಿಜಿಟಲ್ ಅಂಗಡಿಯಲ್ಲಿ ಮಾರಾಟವಾಗುವ ಗೇಮ್‌ನ ಬೆಲೆಯಲ್ಲಿ ಸಾಮಾನ್ಯವಾಗಿ ಶೇ. 30ರಷ್ಟು ಕಟ್ಟೆಯ ಒಡೆಯನಿಗೆ ಹೋಗುತ್ತದೆ. ಬೇರೆ ಕಂಪನಿ ಮಾಡಿದ 70 ಡಾಲರ್‌ನ ಆಟವನ್ನು ನೀವು ಕೊಂಡರೆ ಸುಮಾರು 21 ಡಾಲರ್ ಯಂತ್ರದ ತಯಾರಕನಿಗೆ. ಯಂತ್ರದ ಮೇಲೆ 100 ಡಾಲರ್ ನಷ್ಟವಾಗಿದ್ದರೆ ನೀವು ಅಂಥ ಐದು ಆಟ ಕೊಂಡಾಗ ಆತನ ಅಸಲು ಬಂತು, ಆರನೆಯದರಿಂದ ಲಾಭ. ಆಟದೊಳಗೆ ಮಾರುವ ವೇಷಭೂಷಣ, ಹೊಸ ನಕ್ಷೆ, ವರ್ಚುವಲ್ ನಾಣ್ಯ ಎಲ್ಲಕ್ಕೂ ಇದೇ ಸುಂಕ. ಉಚಿತವಾಗಿ ಸಿಗುವ ಫೋರ್ಟ್‌ನೈಟ್‌ನಂಥ ಆಟಗಳನ್ನು ಕನ್ಸೋಲ್ ಕಂಪನಿಗಳು ಯಾಕೆ ಅಷ್ಟು ಪ್ರೀತಿಯಿಂದ ಸ್ವಾಗತಿಸುತ್ತವೆ ಎಂಬುದಕ್ಕೆ ಬೇರೆ ಉತ್ತರ ಹುಡುಕಬೇಕಿಲ್ಲ. ನಿಂಟೆಂಡೊ ಮಾತ್ರ ಸಾಮಾನ್ಯವಾಗಿ ಯಂತ್ರದಲ್ಲೂ ನಾಲ್ಕು ಕಾಸು ಉಳಿಸಿಕೊಳ್ಳಲು ನೋಡುವ ಜಾಣ. ಹಾಗೆಂದು ಸುಂಕವನ್ನು ಅದು ಬಿಟ್ಟುಕೊಟ್ಟಿಲ್ಲ. ಇನ್ನು ಹೇಳಬೇಕೆಂದರೆ, ಈ ಕಟ್ಟೆಯನ್ನು ಗಟ್ಟಿಯಾಗಿ ಕಟ್ಟಿದ್ದೇ ಆ ಕಂಪನಿ.

ಆ ಕತೆ ಸ್ವಲ್ಪ ವಿವರವಾಗಿ ಹೇಳಬೇಕು. 1977ರಲ್ಲಿ ಬಂದ ಅಟಾರಿ 2600 ಎಂಬ ಕನ್ಸೋಲ್‌ಗೆ ಕಾವಲೇ ಇರಲಿಲ್ಲ. ಅದರ ಕಾರ್ಟ್ರಿಡ್ಜ್, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ, ಹೇಗಿರಬೇಕೆಂದು ತಿಳಿದ ಯಾರು ಬೇಕಾದರೂ ಆಟ ಮಾಡಿ ಮಾರಬಹುದಿತ್ತು. ಅಟಾರಿಯಲ್ಲಿ ಆಟಗಳನ್ನು ಬರೆಯುತ್ತಿದ್ದವರಿಗೆ ಪೆಟ್ಟಿಗೆಯ ಮೇಲೆ ಹೆಸರೂ ಇರಲಿಲ್ಲ, ಮಾರಾಟದಲ್ಲಿ ಪಾಲೂ ಇರಲಿಲ್ಲ. ರೋಸಿಹೋದ ಕೆಲವರು 1979ರಲ್ಲಿ ಹೊರಬಂದು ಆ್ಯಕ್ಟಿವಿಷನ್ ಕಟ್ಟಿದರು. ಬೇರೆಯವರ ಯಂತ್ರಕ್ಕೆ ಆಟ ಮಾಡಿ ಮಾರುವ ಮೊದಲ ಸ್ವತಂತ್ರ ಕಂಪನಿ ಅದು. ಅಟಾರಿ ಮೊಕದ್ದಮೆ ಹೂಡಿತು. ಕೊನೆಗೆ ರಾಯಲ್ಟಿಯ ಮಾತಿನಲ್ಲಿ ರಾಜಿಯಾಯಿತು. ಆಮೇಲೆ ಆಟದ ಗಂಧಗಾಳಿ ಇಲ್ಲದವರೂ ಕಾರ್ಟ್ರಿಡ್ಜ್ ಮಾಡತೊಡಗಿದರು. ಅಂಗಡಿಗಳ ಕಪಾಟು ಕಸದಿಂದ ತುಂಬಿತು, ಗಿರಾಕಿಯ ನಂಬಿಕೆ ಹೋಯಿತು. ಅಮೆರಿಕದಲ್ಲಿ 1983ರ ಹೊತ್ತಿಗೆ ಅಂದಾಜು 320 ಕೋಟಿ ಡಾಲರ್ ಇದ್ದ ಈ ವ್ಯಾಪಾರ 1985ರಲ್ಲಿ ಸುಮಾರು 10 ಕೋಟಿಗೆ ಕುಸಿದಿತ್ತು. ಮಾರಾಟವಾಗದ ಅಟಾರಿ ಕಾರ್ಟ್ರಿಡ್ಜ್‌ಗಳನ್ನು ನ್ಯೂ ಮೆಕ್ಸಿಕೊದ ಅಲಾಮೊಗೋರ್ಡೊದಲ್ಲಿ ನೆಲಕ್ಕೆ ಹೂತರು. ಅದು ದಂತಕತೆಯೆಂದೇ ಬಹಳ ಜನ ನಂಬಿದ್ದರು. 2014ರಲ್ಲಿ ಅಗೆದಾಗ ಕಾರ್ಟ್ರಿಡ್ಜ್‌ಗಳು ನಿಜವಾಗಿಯೂ ಸಿಕ್ಕವು.

ನಿಂಟೆಂಡೊ 1985ರಲ್ಲಿ ಎನ್‌ಇಎಸ್ ಯಂತ್ರವನ್ನು ಅಮೆರಿಕಕ್ಕೆ ತಂದಾಗ ಈ ಪಾಠವನ್ನು ಸಿಲಿಕಾನ್‌ನಲ್ಲೇ ಬರೆದಿತ್ತು. ಯಂತ್ರದಲ್ಲೊಂದು ಪುಟ್ಟ ಚಿಪ್, ಕಾರ್ಟ್ರಿಡ್ಜ್‌ನಲ್ಲೊಂದು ಚಿಪ್. ಯಂತ್ರ ಚಾಲೂ ಆದ ಕೂಡಲೇ ಇವೆರಡೂ ಪರಸ್ಪರ ಸಂಕೇತ ವಿನಿಮಯ ಮಾಡಿಕೊಳ್ಳುತ್ತವೆ. ಸಂಕೇತ ತಾಳೆಯಾಗದಿದ್ದರೆ ಯಂತ್ರದ ಚಿಪ್ ಪ್ರೊಸೆಸರನ್ನು ಸೆಕೆಂಡಿಗೊಮ್ಮೆ ರೀಸೆಟ್ ಮಾಡುತ್ತಲೇ ಇರುತ್ತದೆ. ಆ ಯಂತ್ರದ ಕೆಂಪು ದೀಪ ಮಿಣುಕುತ್ತ ಪರದೆ ಹೊತ್ತಿ ಆರುವುದನ್ನು ಕಂಡವರು, ಕಾರ್ಟ್ರಿಡ್ಜ್‌ಗೆ ದೂಳು ಹಿಡಿದಿದೆಯೆಂದು ಬಾಯಿಂದ ಊದಿದವರು ಲಕ್ಷಾಂತರ. ಸಂಪರ್ಕದ ತಗಡು ಸರಿಯಾಗಿ ಕೂರದೆ ಕಾವಲಿನ ಚಿಪ್ ತನ್ನದೇ ಕಂಪನಿಯ ಅಸಲಿ ಆಟವನ್ನೂ ಕಳ್ಳಮಾಲೆಂದು ಬಗೆದು ತಡೆಯುತ್ತಿತ್ತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಫಲವೇನು!

ಚಿಪ್‌ನ ಹಿಂದೆ ಕರಾರು ಇತ್ತು. ಪರವಾನಗಿ ಪಡೆದ ಕಂಪನಿ ವರ್ಷಕ್ಕೆ ಐದಕ್ಕಿಂತ ಹೆಚ್ಚು ಆಟ ತರುವಂತಿಲ್ಲ. ಕಾರ್ಟ್ರಿಡ್ಜ್‌ಗಳನ್ನು ನಿಂಟೆಂಡೊವೇ ತಯಾರಿಸುತ್ತದೆ, ಹಣ ಮುಂಗಡ. ಆಟ ಬೇರೆ ಯಂತ್ರಕ್ಕೆ ಎರಡು ವರ್ಷ ಹೋಗಕೂಡದು. ಟೆಂಜೆನ್ ಎಂಬ ಕಂಪನಿ ಈ ಬೀಗಕ್ಕೆ ಕಳ್ಳಕೀಲಿ ಮಾಡಿಕೊಂಡಿತು. ಅದಕ್ಕಾಗಿ ಅಮೆರಿಕದ ಕಾಪಿರೈಟ್ ಕಚೇರಿಗೆ ಸುಳ್ಳು ಹೇಳಿ ಚಿಪ್‌ನ ಕೋಡ್ ಪಡೆದದ್ದು ಬಯಲಾಗಿ ನ್ಯಾಯಾಲಯದಲ್ಲಿ ಹಿನ್ನಡೆ ಕಂಡಿತು. ಇವತ್ತು ಚಿಪ್‌ನ ಜಾಗದಲ್ಲಿ ಡಿಜಿಟಲ್ ಸಹಿ ಇದೆ, ಕರಾರಿನ ಮಾತು ನಯವಾಗಿದೆ. ಕಟ್ಟೆ ಅಲ್ಲೇ ಇದೆ.

ಸುಂಕ ಹೆಚ್ಚಾದರೆ ವ್ಯಾಪಾರಿಗಳು ದಾರಿ ಬದಲಿಸುತ್ತಾರೆ. ಸೋನಿಯ ಕತೆ ಶುರುವಾಗುವುದು ಅಲ್ಲಿಂದ. ನಿಂಟೆಂಡೊಗೆ ಸಿಡಿ ಡ್ರೈವ್ ಮಾಡಿಕೊಡಬೇಕಿದ್ದ ಸೋನಿ 1991ರಲ್ಲಿ ಒಪ್ಪಂದ ಮುರಿದುಬಿದ್ದು ಅವಮಾನ ತಿಂದಿತು; 1994ರ ಡಿಸೆಂಬರ್‌ನಲ್ಲಿ ತನ್ನದೇ ಪ್ಲೇಸ್ಟೇಷನ್ ತಂದಿತು. ಕಾರ್ಟ್ರಿಡ್ಜ್‌ಗಿಂತ ಸಿಡಿ ಬಹಳ ಅಗ್ಗ, ಬೇಡಿಕೆ ಬಂದರೆ ಬೇಗ ಒತ್ತಿಸಬಹುದು, ಜಾಗವೂ ಎಷ್ಟೋ ಪಾಲು ಹೆಚ್ಚು. ಅಲ್ಲಿಯವರೆಗೆ ನಿಂಟೆಂಡೊ ಮನೆಯ ಆಸ್ತಿಯಂತಿದ್ದ ಫೈನಲ್ ಫ್ಯಾಂಟಸಿ ಸರಣಿ 1997ರಲ್ಲಿ ಪ್ಲೇಸ್ಟೇಷನ್‌ಗೆ ಹೋಯಿತು. ಆಟಗಾರರು ಆಗ ಗ್ರಾಫಿಕ್ಸ್ ಬಗ್ಗೆ ವಾದ ಮಾಡುತ್ತಿದ್ದರು. ಪ್ರಕಾಶಕರು ಡಿಸ್ಕ್‌ನ ಖರ್ಚು ಎಣಿಸುತ್ತಿದ್ದರು.

ಈಗ ಬೆಲೆಯ ವಿಷಯ. ಹಳೆಯ ಆಟಗಾರರಿಗೆ ಒಂದು ಅಭ್ಯಾಸವಿತ್ತು: ಯಂತ್ರ ಬಂದ ಕೂಡಲೇ ಕೊಳ್ಳಬೇಡ, ಎರಡು ವರ್ಷ ಕಾದರೆ ಅಗ್ಗವಾಗುತ್ತದೆ. ಪ್ಲೇಸ್ಟೇಷನ್ 2 ಅಮೆರಿಕದಲ್ಲಿ 2000ದಲ್ಲಿ 299 ಡಾಲರ್‌ಗೆ ಬಂತು, 2002ರಲ್ಲಿ 199 ಆಯಿತು, 2009ರಲ್ಲಿ 99. ಅದು 16 ಕೋಟಿಗೂ ಹೆಚ್ಚು ಮಾರಾಟವಾದುದಕ್ಕೆ ಡಿವಿಡಿ ಪ್ಲೇಯರ್ ಆಗಿ ಕೆಲಸ ಮಾಡಿದ್ದು ಒಂದು ಕಾರಣವಾದರೆ ಈ ಇಳಿಕೆ ಇನ್ನೊಂದು. ಪ್ಲೇಸ್ಟೇಷನ್ 5ರ ದಾರಿ ಇದಕ್ಕೆ ತದ್ವಿರುದ್ಧ. 2020ರ ನವೆಂಬರ್‌ನಲ್ಲಿ 499 ಡಾಲರ್ ಇದ್ದದ್ದು 2025ರ ಆಗಸ್ಟ್‌ನಲ್ಲಿ 549 ಆಯಿತು. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಎರಡು ಬಾರಿ ಏರಿ ಅಕ್ಟೋಬರ್‌ನಲ್ಲಿ 649 ಮುಟ್ಟಿತು. ಐದು ವರ್ಷ ಹಳೆಯದಾದ ಯಂತ್ರ ಹೊಸತಾಗಿದ್ದಾಗಿನದಕ್ಕಿಂತ ದುಬಾರಿ! ಈ ವ್ಯಾಪಾರದಲ್ಲಿ ಹಿಂದೆ ಹೀಗಾಗುತ್ತಿರಲಿಲ್ಲ.

ಬೈಯುವುದು ಸುಲಭ, ಬೈಯಲಿಕ್ಕೂ ಜಾಗವಿದೆ. ಆದರೆ ಕಾರಣ ತಿಳಿದುಕೊಂಡು ಬೈದರೆ ಬೈಗುಳ ಸರಿಯಾದ ಕಡೆಗೆ ಹೋಗುತ್ತದೆ. ಹಿಂದೆ ಚಿಪ್ ತಯಾರಿಕೆಯ ತಂತ್ರಜ್ಞಾನ ಎರಡು ಮೂರು ವರ್ಷಕ್ಕೊಮ್ಮೆ ಸುಧಾರಿಸಿದಾಗ ಅದೇ ಚಿಪ್ ಇನ್ನೂ ಚಿಕ್ಕದಾಗುತ್ತಿತ್ತು, ಒಂದು ಸಿಲಿಕಾನ್ ಬಿಲ್ಲೆಯಿಂದ ಹೆಚ್ಚು ಚಿಪ್ ಸಿಗುತ್ತಿದ್ದವು, ಕರೆಂಟು ಕಡಿಮೆ ಸಾಕಾಗುತ್ತಿತ್ತು, ಫ್ಯಾನು ಚಿಕ್ಕದಾಗುತ್ತಿತ್ತು, ಪೆಟ್ಟಿಗೆಯೂ ತೆಳ್ಳಗಾಗುತ್ತಿತ್ತು. ತಯಾರಕರು ಮೊದಲ ವರ್ಷಗಳ ನಷ್ಟವನ್ನು ಧೈರ್ಯವಾಗಿ ಹೊತ್ತದ್ದು ಈ ಇಳಿಕೆಯನ್ನು ನಂಬಿ. ಈಗ ಹೊಸ ತಂತ್ರಜ್ಞಾನದ ಬಿಲ್ಲೆಯೇ ವಿಪರೀತ ದುಬಾರಿ. ಚಿಕ್ಕದು ಮಾಡಿದರೂ ಖರ್ಚು ಅಷ್ಟಾಗಿ ಇಳಿಯುವುದಿಲ್ಲ. ಅದರ ಮೇಲೆ 2025ರಲ್ಲಿ ಅಮೆರಿಕದ ಆಮದು ಸುಂಕ ಬಂತು. ನಿಂಟೆಂಡೊ ಸ್ವಿಚ್ 2ರ ಮುಂಗಡ ನೋಂದಣಿ ಅಲ್ಲಿ ಏಪ್ರಿಲ್ 9ಕ್ಕೆ ಶುರುವಾಗಬೇಕಿದ್ದದ್ದು ಈ ಗೊಂದಲದಿಂದಲೇ ಏಪ್ರಿಲ್ 24ಕ್ಕೆ ಹೋಯಿತು. ಕಟ್ಟೆಯವನೇ ಬೇರೆ ಕಟ್ಟೆಯಲ್ಲಿ ಸಿಕ್ಕಿಬಿದ್ದ ಪ್ರಸಂಗವೆಂದು ನಮ್ಮ ವಾರದ ಚರ್ಚೆಯಲ್ಲಿ ಒಬ್ಬರು ನಕ್ಕಿದ್ದರು.

ಯಂತ್ರದ ನಷ್ಟ ಇಳಿಯದಿದ್ದರೆ ಸುಂಕ ಹೆಚ್ಚಬೇಕು, ಇಲ್ಲವೇ ಹೊಸ ಸುಂಕ ಹುಟ್ಟಬೇಕು. ಇಂಟರ್ನೆಟ್‌ಗೆ ನೀವೇ ಹಣ ಕಟ್ಟಿ, ಆಟಕ್ಕೂ ಹಣ ಕೊಟ್ಟು, ಮತ್ತೆ ಗೆಳೆಯರೊಡನೆ ಆನ್‌ಲೈನ್‌ನಲ್ಲಿ ಆಡುವುದಕ್ಕೆ ಪ್ರತ್ಯೇಕ ಚಂದಾ ತೆರುವ ಪದ್ಧತಿಯನ್ನು ಎಕ್ಸ್‌ಬಾಕ್ಸ್ ರೂಢಿಗೆ ತಂದಿತು. ಸೋನಿ 2013ರಲ್ಲಿ ಪ್ಲೇಸ್ಟೇಷನ್ 4ರೊಂದಿಗೆ ಅದೇ ದಾರಿ ಹಿಡಿಯಿತು, ನಿಂಟೆಂಡೊ 2018ರಲ್ಲಿ. ಕಂಪ್ಯೂಟರಿನಲ್ಲಿ ಆಡುವವರಿಗೆ ಇಂಥ ಚಂದಾ ಇಲ್ಲ ಎಂಬುದನ್ನು ನೆನಪಿಡಿ. 2017ರಲ್ಲಿ ತಿಂಗಳಿಗೆ 9.99 ಡಾಲರ್‌ಗೆ ಶುರುವಾದ, ಹಲವು ಆಟಗಳನ್ನು ಒಂದೇ ಚಂದಾಕ್ಕೆ ಕೊಡುವ ಮೈಕ್ರೋಸಾಫ್ಟ್‌ನ ಗೇಮ್ ಪಾಸ್‌ನ ಅತಿ ದೊಡ್ಡ ಯೋಜನೆ ಅಮೆರಿಕದಲ್ಲಿ 2025ರ ಅಕ್ಟೋಬರ್‌ನಲ್ಲಿ ಒಂದೇ ನೆಗೆತಕ್ಕೆ 19.99ರಿಂದ 29.99 ಆಯಿತು. ಅಂದಿನ ವಾರದ ಸುದ್ದಿಗಳಲ್ಲಿ ಅದರ ಜೊತೆಗೇ ಕೊಡಲಾದ ಹೊಸ ಸೌಲಭ್ಯಗಳ ಉದ್ದನೆಯ ವಿವರಗಳಿದ್ದವು. ಹತ್ತು ಡಾಲರ್ ಏರಿಸಿದಾಗ ವಿವರ ಉದ್ದವಾಗಲೇಬೇಕು.

ಇನ್ನು ಎಕ್ಸ್‌ಕ್ಲೂಸಿವ್ ಎಂಬ ಮಹಾಯುದ್ಧ. ಒಂದೇ ಯಂತ್ರದಲ್ಲಿ ಸಿಗುವ ಆಟವನ್ನು ಅಭಿಮಾನಿಗಳು ಪದಕದಂತೆ ಎದೆಗೆ ತೂಗಿಸಿಕೊಳ್ಳುತ್ತಾರೆ. ಒಡೆಯನ ಲೆಕ್ಕದಲ್ಲಿ ಅದು ಗಿರಾಕಿಯನ್ನು ತನ್ನ ಕಟ್ಟೆಗೆ ಸೆಳೆಯುವ ಖರ್ಚು. ಆ ಖರ್ಚು ಎಷ್ಟು ಎನ್ನುವುದು 2023ರ ಜೂನ್‌ನಲ್ಲಿ ಬಲು ತಮಾಷೆಯ ರೀತಿಯಲ್ಲಿ ಹೊರಬಿತ್ತು. ಮೈಕ್ರೋಸಾಫ್ಟ್ 6,870 ಕೋಟಿ ಡಾಲರ್‌ಗೆ ಆ್ಯಕ್ಟಿವಿಷನ್ ಬ್ಲಿಜಾರ್ಡ್ ಅನ್ನು ಕೊಳ್ಳುವುದನ್ನು ತಡೆಯಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋಗಿತ್ತು. ಸೋನಿ ಸಲ್ಲಿಸಿದ ದಾಖಲೆಯಲ್ಲಿ ಗುಟ್ಟಿನ ಅಂಕಿಗಳ ಮೇಲೆ ಕಪ್ಪು ಮಾರ್ಕರ್‌ನಿಂದ ಗೀಚಿದ್ದರು. ಕಾಗದವನ್ನು ಸ್ಕ್ಯಾನ್ ಮಾಡಿದಾಗ ಕಪ್ಪಿನಡಿಯ ಅಕ್ಷರಗಳು ಓದುವಷ್ಟು ಕಾಣುತ್ತಿದ್ದವು. ದಿ ಲಾಸ್ಟ್ ಆಫ್ ಅಸ್ ಎರಡನೆಯ ಭಾಗಕ್ಕೆ ಸುಮಾರು 22 ಕೋಟಿ ಡಾಲರ್, ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ ಸುಮಾರು 21 ಕೋಟಿ. ಕೋಟಿಗಟ್ಟಲೆ ಡಾಲರ್‌ನ ಗುಟ್ಟನ್ನು ಒಂದು ಮಾರ್ಕರ್ ಪೆನ್ನು ಕಾಯಲಾರದೆ ಹೋಯಿತು. ಆ ವರ್ಷ ಇಡೀ ಗೇಮಿಂಗ್ ಪತ್ರಿಕೋದ್ಯಮ ಬರೆದದ್ದಕ್ಕಿಂತ ಆ ಎರಡು ಅಂಕಿಗಳು ನನಗೆ ಹೆಚ್ಚು ಕಲಿಸಿದವು.

ಯಾಕೆಂದರೆ ಮುಂದಿನ ಎರಡು ವರ್ಷದ ಸುದ್ದಿಯೆಲ್ಲ ಅಲ್ಲಿಂದಲೇ ಅರ್ಥವಾಗುತ್ತದೆ. ಒಂದು ಆಟಕ್ಕೆ 20 ಕೋಟಿ ಡಾಲರ್ ಸುರಿದರೆ ಒಂದೇ ಯಂತ್ರದ ಗಿರಾಕಿಗಳಿಂದ ಅದನ್ನು ವಾಪಸು ಪಡೆಯುವುದು ಕಷ್ಟ. ಸೋನಿ 2020ರಿಂದಲೇ ತನ್ನ ದೊಡ್ಡ ಆಟಗಳನ್ನು ತಡವಾಗಿಯಾದರೂ ಕಂಪ್ಯೂಟರಿಗೆ ತರತೊಡಗಿತ್ತು. ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಯಿತು. 2024ರಲ್ಲಿ ನಾಲ್ಕು ಆಟಗಳನ್ನು ಎದುರಾಳಿಗಳ ಯಂತ್ರಕ್ಕೆ ಕೊಟ್ಟಿತು, 2025ರ ಏಪ್ರಿಲ್‌ನಲ್ಲಿ ಫೋರ್ಜಾ ಹೊರೈಜನ್ 5 ಪ್ಲೇಸ್ಟೇಷನ್‌ಗೆ ಬಂತು, ಅಕ್ಟೋಬರ್‌ನಲ್ಲಿ ಹೇಲೋ ಕೂಡ ಅಲ್ಲಿಗೆ ಬರಲಿದೆ ಎಂಬ ಘೋಷಣೆಯಾಯಿತು. 2001ರಲ್ಲಿ ಮೊದಲ ಎಕ್ಸ್‌ಬಾಕ್ಸ್ ಅನ್ನು ಹೊತ್ತು ನಿಂತ ಆಟ ಅದು. ಅಭಿಮಾನಿಗಳಿಗೆ ಅದು ಶರಣಾಗತಿ. ಲೆಕ್ಕ ನೋಡುವವರಿಗೆ, ಯಂತ್ರಗಳ ಮಾರಾಟದಲ್ಲಿ ಹಿಂದೆ ಬಿದ್ದ ಒಡೆಯನೊಬ್ಬ ಪಕ್ಕದ ಕಟ್ಟೆಗೆ ಸುಂಕ ಕಟ್ಟಿಯಾದರೂ ಸರಕು ಸಾಗಿಸಲು ಹೊರಟದ್ದು. ಆ್ಯಕ್ಟಿವಿಷನ್ ಕೊಂಡ ಮೇಲೆ ಅದರ ಜನಪ್ರಿಯ ಆಟ ಕಾಲ್ ಆಫ್ ಡ್ಯೂಟಿ ಪ್ಲೇಸ್ಟೇಷನ್‌ನಲ್ಲೇ ಉಳಿಯುತ್ತದೆಂದು ಸ್ಪೆನ್ಸರ್ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿ ಹೇಳಿದಾಗ ಅದನ್ನು ಔದಾರ್ಯವೆಂದು ಬಣ್ಣಿಸಿದವರಿದ್ದರು. ಅಷ್ಟು ದೊಡ್ಡ ಸಂತೆಯಿಂದ ತನ್ನ ಅಂಗಡಿಯನ್ನು ಕಿತ್ತುಕೊಂಡು ಹೋಗುವ ವ್ಯಾಪಾರಿ ಎಲ್ಲಿದ್ದಾನೆ?

ಆ ಖರೀದಿ 2023ರ ಅಕ್ಟೋಬರ್‌ನಲ್ಲಿ ಮುಗಿಯಿತು. ಮೂರೇ ತಿಂಗಳಲ್ಲಿ, ಅಂದರೆ 2024ರ ಜನವರಿಯಲ್ಲಿ, ಮೈಕ್ರೋಸಾಫ್ಟ್ ಗೇಮಿಂಗ್ ವಿಭಾಗದಲ್ಲಿ 1,900 ಜನರನ್ನು ಕೆಲಸದಿಂದ ತೆಗೆಯಿತು. ಮರುತಿಂಗಳು ಸೋನಿ ಸುಮಾರು 900 ಜನರನ್ನು. ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಟ್ಯಾಂಗೊ ಗೇಮ್‌ವರ್ಕ್ಸ್ ಮುಚ್ಚುವುದಾಗಿ ಹೇಳಿತು. ಹೈ-ಫೈ ರಷ್ ಎಂಬ, ಎಲ್ಲರೂ ಹೊಗಳಿದ ಆಟ ಮಾಡಿದ್ದ ಸ್ಟುಡಿಯೊ ಅದು. ಆಮೇಲೆ ಕೊರಿಯಾದ ಕ್ರಾಫ್ಟನ್ ಅದನ್ನು ಉಳಿಸಿಕೊಂಡಿತು. ಆಟ ಚೆನ್ನಾಗಿದ್ದರೆ ಸ್ಟುಡಿಯೊ ಉಳಿಯುತ್ತದೆ ಎಂಬ ಸರಳ ನಂಬಿಕೆ ಅಲ್ಲಿ ಮುರಿಯಿತು. ಇನ್ನೊಂದು ತುದಿಯಲ್ಲಿ, ಆನ್‌ಲೈನ್‌ನಲ್ಲಿ ಮಾತ್ರ ಆಡುವ ಶೂಟಿಂಗ್ ಆಟವಾದ ಸೋನಿಯ ಕಾನ್‌ಕಾರ್ಡ್. 2024ರ ಆಗಸ್ಟ್ 23ಕ್ಕೆ ಬಿಡುಗಡೆ, ಸೆಪ್ಟೆಂಬರ್ 6ಕ್ಕೆ ಸರ್ವರ್ ಬಂದ್, ಕೊಂಡವರಿಗೆಲ್ಲ ಹಣ ವಾಪಸು, ಅಕ್ಟೋಬರ್‌ನಲ್ಲಿ ಸ್ಟುಡಿಯೊಗೇ ಬೀಗ. ವರ್ಷಗಳ ದುಡಿಮೆ ಎರಡು ವಾರ ಬಾಳಿತು. ಇಂಥ ಆಟಗಳ ಹಿಂದೆ ದೊಡ್ಡ ಕಂಪನಿಗಳು ಯಾಕೆ ಬೀಳುತ್ತವೆ ಎಂದರೆ, ಗೆದ್ದರೆ ಅದು ದಿನವೂ ಸುಂಕ ತರುವ ಆಟ. ಫೋರ್ಟ್‌ನೈಟ್ ಒಂದು ಗೆದ್ದದ್ದನ್ನು ಕಂಡು ಎಷ್ಟು ಜನ ಕೈಸುಟ್ಟುಕೊಂಡರೋ!

ವಿಳಂಬದ ಸುದ್ದಿಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಗ್ರ್ಯಾಂಡ್ ಥೆಫ್ಟ್ ಆಟೊ ಸರಣಿಯ ಜಿಟಿಎ 6 ಮೊದಲು 2025 ಎಂದಿತ್ತು, ಆಮೇಲೆ 2026ರ ಮೇ 26, ಆಮೇಲೆ ನವೆಂಬರ್ 19. ತಡವಾದ ಆಟವನ್ನು ಮರೆಯುತ್ತೇವೆ, ಕೆಟ್ಟು ಬಂದ ಆಟವನ್ನು ಮರೆಯುವುದಿಲ್ಲ. 2020ರ ಡಿಸೆಂಬರ್ 10ಕ್ಕೆ ಬಂದ ಸೈಬರ್‌ಪಂಕ್ 2077 ಹಳೆಯ ಕನ್ಸೋಲ್‌ಗಳಲ್ಲಿ ಎಷ್ಟು ಹದಗೆಟ್ಟಿತ್ತೆಂದರೆ ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದಲೇ ತೆಗೆಯಿತು. ಮರಳಿ ಬಂದದ್ದು ಮರುವರ್ಷದ ಜೂನ್‌ನಲ್ಲಿ. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಆದ್ದರಿಂದ ಹೊಗಳಿಕೆಯ ವಿಮರ್ಶೆಗಳು ಸುಳ್ಳಾಗಿರಲಿಲ್ಲ. ಆದರೆ ಅವರು ಆಡಿದ್ದು ನೀವು ಕೊಳ್ಳಲಿದ್ದ ಸರಕನ್ನಲ್ಲ. ವಿಮರ್ಶೆ ಓದುವಾಗ ನಾನು ಅಂಕ ನೋಡುವುದಕ್ಕೆ ಮುಂಚೆ ಯಾವ ಯಂತ್ರದಲ್ಲಿ ಆಡಿದರು ಎಂಬುದನ್ನು ಹುಡುಕುತ್ತೇನೆ. ಫ್ರೇಮ್ ರೇಟ್ ಬಗ್ಗೆ ತಲೆ ಕೆಡಿಸಿಕೊಳ್ಳುವವರನ್ನು ಕಂಡು ನಗುವವರಿದ್ದಾರೆ; ನಾನು ತಲೆ ಕೆಡಿಸಿಕೊಳ್ಳುವವರ ಪರ. ಸೆಕೆಂಡಿಗೆ 30 ಚಿತ್ರವೆಂದರೆ ಒಂದು ಚಿತ್ರಕ್ಕೆ 33 ಮಿಲಿಸೆಕೆಂಡ್, 60 ಎಂದರೆ 17ಕ್ಕಿಂತ ಕಡಿಮೆ. ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲೆ ಜಿಗಿದದ್ದಕ್ಕೂ ನಡುವಿನ ಅಂತರದಲ್ಲಿ ಇದಕ್ಕೂ ಪಾಲಿದೆ. ಈ ಇಡೀ ಲೋಕದಲ್ಲಿ ಜಾಹೀರಾತಿನ ಮಾತಿಗೆ ಬಗ್ಗದೆ ಅಳೆಯಬಹುದಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಮಾರಾಟದ ಅಂಕಿಗಳಲ್ಲಿ ಒಂದೇ ಎಚ್ಚರ ಸಾಕು. ಕಾರ್ಖಾನೆಯಿಂದ ಅಂಗಡಿಗೆ ಹೋದ ಸಂಖ್ಯೆಯೋ, ಅಂಗಡಿಯಿಂದ ಮನೆಗೆ ಹೋದ ಸಂಖ್ಯೆಯೋ ನೋಡಿ. ಯಂತ್ರಗಳ ಸಂಖ್ಯೆಯನ್ನೇ ಬಿಟ್ಟು ತಿಂಗಳ ಸಕ್ರಿಯ ಬಳಕೆದಾರರ ಲೆಕ್ಕ ಕೊಡತೊಡಗಿದರೆ ಇನ್ನೂ ಎಚ್ಚರ ಬೇಕು. ಮೈಕ್ರೋಸಾಫ್ಟ್ 2015ರಲ್ಲಿ ಎಕ್ಸ್‌ಬಾಕ್ಸ್ ಎಷ್ಟು ಮಾರಾಟವಾದವೆಂದು ಹೇಳುವುದನ್ನೇ ನಿಲ್ಲಿಸಿತು. ಚೆನ್ನಾಗಿ ಮಾರಾಟವಾಗುತ್ತಿರುವ ಸರಕಿನ ಲೆಕ್ಕವನ್ನು ಯಾರೂ ಮುಚ್ಚಿಡುವುದಿಲ್ಲ.

ಸುದ್ದಿ ಬರುವ ದಾರಿಯೂ ಬದಲಾಗಿದೆ. 1995ರಲ್ಲಿ ಶುರುವಾದ ಇ3 ಎಂಬ ಗೇಮ್ ಮೇಳಕ್ಕೆ ಒಂದು ಗುಣವಿತ್ತು: ಎದುರಾಳಿಗಳು ಒಂದೇ ವಾರ ಒಂದೇ ಊರಿನಲ್ಲಿ ನಿಲ್ಲಬೇಕಿತ್ತು. ಮೊದಲ ವರ್ಷವೇ ಸೆಗಾ ತನ್ನ ಸ್ಯಾಟರ್ನ್ ಯಂತ್ರಕ್ಕೆ 399 ಡಾಲರ್ ಎಂದು ಘೋಷಿಸಿದ ಮೇಲೆ, ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು 299 ಎಂಬ ಬೆಲೆಯನ್ನಷ್ಟೇ ಹೇಳಿ ಇಳಿದರು. ಅಂಥ ಪ್ರಸಂಗ ಈಗ ನಡೆಯಲಾರದು. 2011ರಲ್ಲಿ ನಿಂಟೆಂಡೊ ಶುರುಮಾಡಿದ ಡೈರೆಕ್ಟ್ ವಿಡಿಯೊಗಳ ದಾರಿಯನ್ನು ಎಲ್ಲರೂ ಹಿಡಿದರು, ಇ3 2023ರ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಮುಗಿಯಿತು. ಮೊದಲೇ ಚಿತ್ರೀಕರಿಸಿದ ವಿಡಿಯೊಗೆ ಅಡ್ಡಪ್ರಶ್ನೆ ಕೇಳುವಂತಿಲ್ಲ. ಹಾಗಾಗಿ ಈ ಕ್ಷೇತ್ರದ ನಿಜವಾದ ಸುದ್ದಿ ಈಗ ಟ್ರೇಲರ್‌ಗಳಿಗಿಂತ ಹೆಚ್ಚಾಗಿ ನ್ಯಾಯಾಲಯದ ದಾಖಲೆಗಳಿಂದಲೂ ತ್ರೈಮಾಸಿಕ ವರದಿಗಳಿಂದಲೂ ಸಿಗುತ್ತದೆ. ಓದಲು ಬೇಸರ, ನಿಜ.

ಕೊನೆಯದಾಗಿ ನನಗೆ ಹೆಚ್ಚು ಕಳವಳ ತರುವ ಸುದ್ದಿ. ಕೊಂಡ ಆಟ ಯಾರದು? 2013ರಲ್ಲಿ ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಒನ್ ತರುವಾಗ ಯಂತ್ರ ದಿನಕ್ಕೊಮ್ಮೆಯಾದರೂ ಇಂಟರ್ನೆಟ್‌ಗೆ ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಕೈ ಬದಲಾಯಿಸುವುದಕ್ಕೆ ಕಟ್ಟಳೆಗಳಿರುತ್ತವೆ ಎಂದಿತು. ಸೋನಿ ಉತ್ತರವಾಗಿ ಒಂದು ಪುಟ್ಟ ವಿಡಿಯೊ ಬಿಟ್ಟಿತು: ಪ್ಲೇಸ್ಟೇಷನ್‌ನಲ್ಲಿ ಆಟ ಹಂಚಿಕೊಳ್ಳುವ ವಿಧಾನ. ಒಬ್ಬರು ಡಿಸ್ಕ್‌ನ ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ, ಅವರು ಥ್ಯಾಂಕ್ಸ್ ಅನ್ನುತ್ತಾರೆ, ಮುಗಿಯಿತು. ಜನ ಕೇಕೆ ಹಾಕಿದರು, ಮೈಕ್ರೋಸಾಫ್ಟ್ ಕೆಲವೇ ದಿನಗಳಲ್ಲಿ ನಿಯಮ ಹಿಂತೆಗೆದುಕೊಂಡಿತು. ಹನ್ನೊಂದು ವರ್ಷದ ಮೇಲೆ, 2024ರಲ್ಲಿ, ಅದೇ ಸೋನಿ 699 ಡಾಲರ್‌ನ ಪ್ಲೇಸ್ಟೇಷನ್ 5 ಪ್ರೊ ತಂದಿತು. ಅದರಲ್ಲಿ ಡಿಸ್ಕ್ ಡ್ರೈವ್ ಇಲ್ಲ. ಬೇಕಿದ್ದವರು ಬೇರೆಯಾಗಿ ಕೊಳ್ಳಬೇಕು. 2013ರಲ್ಲಿ ಆಜ್ಞೆಯಾಗಿ ಬಂದದ್ದನ್ನು ತಡೆದೆವು, ಅನುಕೂಲವಾಗಿ ಬಂದದ್ದನ್ನು ಒಪ್ಪಿಕೊಂಡೆವು. ಡಿಸ್ಕ್ ಗೆಳೆಯನಿಗೆ ಹೋದಾಗ, ಮತ್ತೆ ಮಾರಾಟವಾದಾಗ ಕಟ್ಟೆಗೆ ಒಂದು ಕಾಸೂ ಬರುವುದಿಲ್ಲ. ಡಿಸ್ಕ್ ಡ್ರೈವ್‌ನ ಮೇಲಿನ ಹಗೆಗೆ ಅದೇ ಮೂಲ.

ಸ್ವಿಚ್ 2ರ ಗೇಮ್-ಕೀ ಕಾರ್ಡ್ ಇನ್ನೊಂದು ನಡುದಾರಿ. ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ, ಡಬ್ಬಿಯಲ್ಲಿ ಕಾರ್ಡ್ ಇರುತ್ತದೆ, ಕಾರ್ಡ್‌ನಲ್ಲಿ ಆಟವಿರುವುದಿಲ್ಲ. ಆಟವನ್ನು ಸರ್ವರ್‌ನಿಂದ ಇಳಿಸಿಕೊಳ್ಳಬೇಕು. ಕಾರ್ಡನ್ನು ಮಾರಬಹುದು, ಎರವಲು ಕೊಡಬಹುದು, ಆ ಮಟ್ಟಿಗೆ ಡೌನ್‌ಲೋಡ್‌ಗಿಂತ ವಾಸಿ. ಸರ್ವರ್ ಎಷ್ಟು ಕಾಲ? ನಿಂಟೆಂಡೊ ತನ್ನ ವೀ ಯು ಮತ್ತು 3ಡಿಎಸ್ ಎಂಬ ಹಳೆಯ ಯಂತ್ರಗಳ ಆನ್‌ಲೈನ್ ಅಂಗಡಿಗಳಲ್ಲಿ ಮಾರಾಟವನ್ನು 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಎಕ್ಸ್‌ಬಾಕ್ಸ್ 360 ಅಂಗಡಿ 2024ರ ಜುಲೈನಲ್ಲಿ ಮುಚ್ಚಿತು. ಪ್ಲೇಸ್ಟೇಷನ್ 3ರ ಅಂಗಡಿಯನ್ನು ಮುಚ್ಚುತ್ತೇವೆಂದು 2021ರಲ್ಲಿ ಸೋನಿ ಹೇಳಿದಾಗ ಆಟಗಾರರು ಕೂಗೆಬ್ಬಿಸಿದ್ದರಿಂದ ಮರುತಿಂಗಳೇ ನಿರ್ಧಾರ ಬದಲಾಯಿತು. ಕೂಗು ಕೆಲಸ ಮಾಡುತ್ತದೆ. ಯೂಬಿಸಾಫ್ಟ್ 2024ರ ಮಾರ್ಚ್ ಕೊನೆಗೆ ದಿ ಕ್ರೂ ಎಂಬ ಕಾರಿನಾಟದ ಸರ್ವರ್ ಆರಿಸಿದಾಗ, ಹಣ ಕೊಟ್ಟು ಕೊಂಡವರು ಒಬ್ಬರೇ ಆಡುವುದೂ ಅಸಾಧ್ಯವಾಯಿತು. ಅದರಿಂದ ಹುಟ್ಟಿದ ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿಯ ಯುರೋಪಿನ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷ ಸಹಿ ದಾಟಿದ್ದವು. ಕ್ಯಾಲಿಫೋರ್ನಿಯಾ 2024ರಲ್ಲಿ ಮಾಡಿದ ಕಾನೂನು, ಮಾರುತ್ತಿರುವುದು ಪರವಾನಗಿ ಮಾತ್ರವಾಗಿದ್ದರೆ ಹಾಗೆಂದು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆ. ಅಮೆರಿಕದಲ್ಲಿ 2010ಕ್ಕೆ ಮುಂಚೆ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲವೆಂದು ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್‌ನ 2023ರ ಅಧ್ಯಯನ ಹೇಳಿತ್ತು. ಹೊಸ ಟ್ರೇಲರ್‌ಗೆ ಸಿಗುವ ಜಾಗದಲ್ಲಿ ಕಾಲುಭಾಗವೂ ಈ ಸುದ್ದಿಗಳಿಗೆ ಸಿಗುವುದಿಲ್ಲ.

ಮಾತು ಮುಗಿದ ಮೇಲೆ ಸಭೆಯಿಂದ ಹಲವು ಪ್ರಶ್ನೆಗಳು ಬಂದವು. ಒಂದನ್ನು ಇಲ್ಲಿ ಬರೆಯುತ್ತೇನೆ. "ವಾಲ್ವ್ ಕಂಪನಿ ಸ್ಟೀಮ್ ಮಷೀನ್ ಎಂಬ ಪೆಟ್ಟಿಗೆಯನ್ನು 2025ರ ನವೆಂಬರ್‌ನಲ್ಲಿ ಘೋಷಿಸಿದೆ. ಅದು ಟಿವಿಗೆ ಹಚ್ಚುವ, ಬೀಗವಿಲ್ಲದ ಯಂತ್ರ, ಯಾವ ತಂತ್ರಾಂಶ ಬೇಕಾದರೂ ಹಾಕಿಕೊಳ್ಳಬಹುದಂತೆ. ಅಲ್ಲಿಗೆ ನೀವು ಹೇಳಿದ ಸುಂಕದ ಕಟ್ಟೆ ಮುಗಿದ ಹಾಗಲ್ಲವೇ, ಸರ್?"

ಮುಗಿಯುವುದಿಲ್ಲ. ವಾಲ್ವ್ ನಡೆಸುವ, ಕಂಪ್ಯೂಟರ್ ಆಟಗಳ ಸ್ಟೀಮ್ ಅಂಗಡಿಯ ಸುಂಕವೂ ಶೇ. 30ರಿಂದಲೇ ಶುರು, ಒಂದು ಆಟ ಒಂದು ಕೋಟಿ ಡಾಲರ್ ದುಡಿದ ಮೇಲೆ 25, ಐದು ಕೋಟಿ ದಾಟಿದ ಮೇಲೆ 20. ವ್ಯತ್ಯಾಸವೆಂದರೆ ಅಲ್ಲಿ ಪಕ್ಕದ ದಾರಿಗೆ ಬೇಲಿ ಇಲ್ಲ. ಬೇಲಿ ಇಲ್ಲದ ಯಂತ್ರವನ್ನು ನಷ್ಟಕ್ಕೆ ಮಾರುವುದು ಕಷ್ಟ. ಸೋನಿ ಇದನ್ನು ಕಲಿತಿದೆ. ಮೊದಮೊದಲ ಪ್ಲೇಸ್ಟೇಷನ್ 3ರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ತಂತ್ರಾಂಶ ಹಾಕಿಕೊಂಡು ಅದನ್ನು ಕಂಪ್ಯೂಟರಿನಂತೆ ಬಳಸಲು ಅವಕಾಶವಿತ್ತು. ಅಮೆರಿಕದ ವಾಯುಪಡೆಯ ಸಂಶೋಧನಾಲಯ ಅಂಥ 1,760 ಯಂತ್ರಗಳನ್ನು ಜೋಡಿಸಿ 2010ರಲ್ಲಿ ಒಂದು ಸೂಪರ್ ಕಂಪ್ಯೂಟರ್ ಮಾಡಿಕೊಂಡಿತು. ಲೆಕ್ಕ ಹಾಕುವ ಕೆಲಸಕ್ಕೆ ಅದಕ್ಕಿಂತ ಅಗ್ಗದ ಸಾಧನ ಅವರಿಗೆ ಸಿಕ್ಕಿರಲಿಲ್ಲ. ಆ 1,760 ಯಂತ್ರಗಳ ಗಿರಾಕಿ ಒಂದು ಆಟವನ್ನೂ ಕೊಳ್ಳುವವನಲ್ಲ. ಅದೇ ವರ್ಷದ ಏಪ್ರಿಲ್‌ನಲ್ಲಿ ಸೋನಿ ಭದ್ರತೆಯ ಕಾರಣ ಕೊಟ್ಟು ಒಂದು ಅಪ್‌ಡೇಟ್ ಮೂಲಕ ಲಿನಕ್ಸ್ ಸೌಲಭ್ಯವನ್ನು ತೆಗೆದುಹಾಕಿತ್ತು. ಸ್ಟೀಮ್ ಮಷೀನ್‌ನ ಬೆಲೆ ಅದೇ ಸಾಮರ್ಥ್ಯದ ಕಂಪ್ಯೂಟರಿನ ಮಟ್ಟದಲ್ಲೇ ಇರುತ್ತದೆ, ಕನ್ಸೋಲ್‌ನಂತೆ ಕೈಯಿಂದ ಹಾಕಿ ಮಾರುವುದಿಲ್ಲ ಎಂದು ವಾಲ್ವ್ ಮೊದಲೇ ಹೇಳಿಬಿಟ್ಟಿದೆ. ಕಾವಲಿಲ್ಲದ ಪೆಟ್ಟಿಗೆ ಬೇಕೆಂದರೆ ಅದರ ಪೂರ್ತಿ ಬೆಲೆಯನ್ನು ಮೊದಲ ದಿನವೇ ಎಣಿಸಿ ಕೊಡಬೇಕು. ನಾನಾದರೆ ಕೊಡುತ್ತೇನೆ ಎಂದೆ. ಪ್ರಶ್ನೆ ಕೇಳಿದವರು, ಬೆಲೆ ಎಷ್ಟೆಂದು ನೋಡಿದ ಮೇಲೆ ಹೇಳುತ್ತೇನೆ ಸರ್ ಎಂದರು.